ಹೈಫಾದ ಕಥೆ ಕಟ್ಟಿ ಮಾರಿದ ಜರ್ಮನ್ ಪದಕಗಳ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ನಾಣ್ಯ ಮತ್ತು ಪದಕಗಳ ಹರಾಜು ಸಂಸ್ಥೆ,
ಬೆಂಗಳೂರು

ವಿಷಯ: ತಪ್ಪು ವಿವರಣೆ ಕೊಟ್ಟು ಮಾರಿದ ಲಾಟ್ ವಾಪಸ್ ಪಡೆದು ಪೂರ್ತಿ ಹಣ ಹಿಂದಿರುಗಿಸುವ ಬಗ್ಗೆ

ಮಾನ್ಯರೇ,

ನಿಮ್ಮ ಕಳೆದ ಆನ್‌ಲೈನ್ ಹರಾಜಿನಲ್ಲಿ ಎರಡು ಜರ್ಮನ್ ಪದಕಗಳಿದ್ದ ಒಂದು ಲಾಟ್ ಕೊಂಡಿದ್ದೇನೆ. ಒಂದು, ಯುದ್ಧದಲ್ಲಿನ ಸೇವೆಗೆ ಜರ್ಮನ್ನರು ಕೊಡುತ್ತಿದ್ದ ಐರನ್ ಕ್ರಾಸ್, 1914ರದ್ದು, ಎರಡನೇ ದರ್ಜೆ. ಇನ್ನೊಂದು, ಕತ್ತಿಗಳ ಗುರುತಿರುವ 1914–1918ರ ಹಾನರ್ ಕ್ರಾಸ್. ಎರಡೂ ಅಸಲಿ, ಎರಡನ್ನೂ ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್‌ನ ಸವಾರರೊಬ್ಬರು 1918ರಲ್ಲಿ, ಈಗ ಇಸ್ರೇಲ್‌ನಲ್ಲಿರುವ ಹೈಫಾ ಊರಿನ ಕದನದಿಂದ ತಂದರು ಎಂದು ನಿಮ್ಮ ಕ್ಯಾಟಲಾಗ್ ಹೇಳುತ್ತದೆ. ಪಾರ್ಸೆಲ್ ಬಿಚ್ಚಿ ನೋಡಿದರೆ ಮೊದಲನೆಯದು ನಕಲಿ. ಎರಡನೆಯದು ಅಸಲಿಯೇ, ಆದರೆ ಅದರ ಕಥೆ ಸುಳ್ಳು.

ಮೊದಲು ಐರನ್ ಕ್ರಾಸ್ ವಿಷಯ. 1914ರ ಎರಡನೇ ದರ್ಜೆಯ ಕ್ರಾಸ್ ಮೂರು ತುಂಡುಗಳಿಂದ ಆಗುತ್ತದೆ. ನಡುವೆ ಕಪ್ಪು ಬಳಿದ ಕಬ್ಬಿಣದ ತಿರುಳು, ಅದರ ಎರಡೂ ಕಡೆ ಬೆಳ್ಳಿಯ ಚೌಕಟ್ಟು. ಆ ಎರಡು ಚೌಕಟ್ಟುಗಳನ್ನು ಅಂಚಿನಲ್ಲಿ ಬೆಸುಗೆ ಹಾಕಿರುತ್ತಾರೆ. ಪದಕವನ್ನು ಓರೆಯಾಗಿ ಹಿಡಿದು ಲೆನ್ಸ್‌ನಲ್ಲಿ ನೋಡಿದರೆ ಬೆಸುಗೆಯ ಸಣ್ಣ ಗೆರೆ ಕಾಣಬೇಕು. ಚೌಕಟ್ಟಿನ ಮಣಿಸಾಲಿನಲ್ಲಿ ಮಣಿ ಒಂದೊಂದೂ ಬಿಡಿಬಿಡಿಯಾಗಿ, ಚೂಪಾಗಿ ಕಾಣಬೇಕು. ನೀವು ಕಳಿಸಿದ್ದರಲ್ಲಿ ಬೆಸುಗೆ ಗೆರೆಯೇ ಇಲ್ಲ. ಮಣಿಗಳು ಒಂದಕ್ಕೊಂದು ಅಂಟಿಕೊಂಡು ಮೊಂಡಾಗಿವೆ. ಕಿರೀಟದ ಪಕ್ಕದಲ್ಲಿ ಎರಕದ ಗುಳ್ಳೆಗಳಿವೆ. 1914 ಎನ್ನುವ ಅಂಕಿಯ ಹತ್ತಿರ ಕಪ್ಪು ಬಣ್ಣ ಎದ್ದು ಬಂದಿದೆ, ಕೆಳಗೆ ಕಬ್ಬಿಣದ ಬದಲು ಬಿಳಿ ಲೋಹ ಇಣುಕುತ್ತಿದೆ. ಇಡೀ ಪದಕವನ್ನು ಒಂದೇ ಅಚ್ಚಿಗೆ ಸುರಿದು ಎರಕ ಹೊಯ್ದಿದ್ದಾರೆ.

ಮ್ಯಾಗ್ನೆಟ್ ಹಿಡಿಯಲಿಲ್ಲ ಎನ್ನುವುದೊಂದನ್ನೇ ಇಟ್ಟುಕೊಂಡು ನಾನು ಇದನ್ನು ನಕಲಿ ಅನ್ನುತ್ತಿಲ್ಲ. ಕಬ್ಬಿಣವಲ್ಲದ ತಿರುಳಿನ ಅಸಲಿ ಪದಕಗಳೂ ಇವೆ. ರಿಬ್ಬನ್ ಪೋಣಿಸುವ ಬಳೆಯ ಮೇಲೆ ತಯಾರಕರ ಮುದ್ರೆ ಇಲ್ಲ ಎನ್ನುವುದೂ ನನ್ನ ತಕರಾರಲ್ಲ. ಮುದ್ರೆ ಇಲ್ಲದ ಅಸಲಿಗಳೂ ಸಿಗುತ್ತವೆ. ಆದರೆ ಅಂಚು, ಮಣಿಸಾಲು, ಲೋಹ, ಎಲ್ಲವೂ ಒಂದೇ ಮಾತು ಹೇಳುತ್ತಿರುವಾಗ ಅನುಮಾನಕ್ಕೆ ಜಾಗ ಎಲ್ಲಿದೆ?

ರಿಬ್ಬನ್ ಕೂಡ ತಪ್ಪು. 1914ರಲ್ಲಿ ಯುದ್ಧದಲ್ಲಿ ಹೋರಾಡಿದವರಿಗೆ ಕೊಟ್ಟದ್ದು ಕಪ್ಪು ರಿಬ್ಬನ್, ಅಂಚಿನ ಬಳಿ ಬಿಳಿ ಪಟ್ಟಿ. ಹೋರಾಟದಲ್ಲಿ ಇಲ್ಲದವರಿಗೆ ಇದೇ ಬಣ್ಣಗಳು ತಿರುವುಮುರುವು. ನೀವು ಹಾಕಿರುವುದು ನಡುವೆ ಅಗಲವಾದ ಕೆಂಪು ಪಟ್ಟಿ ಇರುವ ರಿಬ್ಬನ್. ಅದು 1939ರಲ್ಲಿ ಹಿಟ್ಲರ್ ಐರನ್ ಕ್ರಾಸನ್ನು ಮತ್ತೆ ಜಾರಿಗೆ ತಂದಾಗ ಬಂದದ್ದು.

ಇನ್ನು ಎರಡನೆಯ ಪದಕ. ಅದರ ಮೇಲೆ 1914 ಮತ್ತು 1918 ಎಂದು ಇದೆ, ನಿಜ. ಆದರೆ ಈ ಹಾನರ್ ಕ್ರಾಸನ್ನು ಆಗಿನ ಜರ್ಮನ್ ಅಧ್ಯಕ್ಷ ಹಿಂಡೆನ್‌ಬರ್ಗ್ ಸ್ಥಾಪಿಸಿದ್ದು 1934ರ ಜುಲೈ 13ರಂದು. ಹೋರಾಡಿದವರಿಗೆ ಕತ್ತಿಗಳಿರುವುದು, ಉಳಿದ ಸೈನಿಕರಿಗೆ ಕತ್ತಿ ಇಲ್ಲದ್ದು, ಮಡಿದವರ ವಿಧವೆಯರಿಗೂ ತಂದೆತಾಯಿಗೂ ಕಪ್ಪು ಬಣ್ಣದ್ದು, ಹೀಗೆ ಮೂರು ಬಗೆ. ಹೈಫಾ ಕದನ ನಡೆದದ್ದು 1918ರ ಸೆಪ್ಟೆಂಬರ್ 23ರಂದು. ಹೆಚ್ಚುಕಡಿಮೆ ಹದಿನಾರು ವರ್ಷ ಆದಮೇಲೆ ಹುಟ್ಟಿದ ಪದಕವನ್ನು ನಮ್ಮ ಸವಾರರು ಅಲ್ಲಿಂದ ತರುವುದು ಹೇಗೆ?

ನನಗೆ ತುಂಬಾ ನೋವಾಗಿರುವುದು ಇದರಿಂದಲೇ. ಅಂದು ಮೈಸೂರು ಲ್ಯಾನ್ಸರ್ಸ್ ಹೈಫಾದ ಕಾರ್ಮೆಲ್ ಬೆಟ್ಟದ ಕಡಿದಾದ ಏರು ಹತ್ತಿ ಶತ್ರುಗಳ ಫಿರಂಗಿಗಳನ್ನು ಹಿಡಿದರು. ಜೋಧ್‌ಪುರದ ಸವಾರರು ಊರಿನೊಳಗೆ ನುಗ್ಗಿದರು. ಸೆರೆ ಸಿಕ್ಕವರಲ್ಲಿ ಜರ್ಮನ್ನರೂ ಇದ್ದರು. ಹಾಗಾಗಿ ಐರನ್ ಕ್ರಾಸ್ ಒಂದು ನಮ್ಮೂರಿಗೆ ಬಂದಿದ್ದರೂ ಬಂದಿರಬಹುದು ಎಂದು ಓದಿದವರು ನಂಬುತ್ತಾರೆ. ಆ ನಂಬಿಕೆಯ ಮೇಲೇ ನೀವು ಬೆಲೆ ಏರಿಸಿದ್ದೀರಿ. ಇಂಥ ಕಥೆಗಳು ಒಂದು ಸಂಗ್ರಹದಿಂದ ಇನ್ನೊಂದಕ್ಕೆ ದಾಟಿ ಕೊನೆಗೆ ಇತಿಹಾಸ ಅನ್ನಿಸಿಕೊಳ್ಳುತ್ತವೆ. ಮುಂದೆ ಯಾರಾದರೂ ನಿಜವಾಗಿ ತಾತನ ಪೆಟ್ಟಿಗೆಯಿಂದ ಒಂದು ಪದಕ ತೆಗೆದು ತೋರಿಸಿದರೆ ಅವರನ್ನು ನಂಬುವವರೇ ಇರುವುದಿಲ್ಲ.

ಫೋನ್ ಮಾಡಿದಾಗ ನಿಮ್ಮ ಸಿಬ್ಬಂದಿ, "ಹಳೇ ಜರ್ಮನ್ ಪದಕ ಅಲ್ವಾ ಸಾರ್, ಎಲ್ಲಾ ಒಂದೇ. ಹರಾಜಿನಲ್ಲಿ ತಗೊಂಡದ್ದು ವಾಪಸ್ ಇಲ್ಲ" ಎಂದರು. ಎಲ್ಲಾ ಒಂದೇ ಆಗಿದ್ದರೆ ಕ್ಯಾಟಲಾಗ್‌ನಲ್ಲಿ ವರ್ಷ, ದರ್ಜೆ, ಅಸಲಿ ಎಂದೆಲ್ಲ ಸುಮ್ನೆ ಬರೆದಿರಾ? ನೀವು ಬರೆದ ವಿವರಣೆಗೆ ನೀವೇ ಹೊಣೆ. ವಾಪಸ್ ಇಲ್ಲ ಎನ್ನುವ ಷರತ್ತು ನಕಲಿ ಮಾಲಿಗೆ ರಕ್ಷಣೆ ಆಗಬಾರದು.

ಆದ್ದರಿಂದ ಹರಾಜಿನ ಬೆಲೆ, ಕಮಿಷನ್, ಜಿಎಸ್‌ಟಿ, ಎರಡೂ ಕಡೆಯ ಕೊರಿಯರ್ ಖರ್ಚು ಸೇರಿಸಿ ಪೂರ್ತಿ ಹಣ ವಾಪಸ್ ಕೊಡಿ. ಅಸಲಿ ಹಾನರ್ ಕ್ರಾಸ್ ಇಟ್ಟುಕೊಂಡು ಅರ್ಧ ಹಣ ತಗೊಳ್ಳಿ ಎನ್ನುವ ಮಾತು ಬೇಡ. ಹೈಫಾದ ಕಥೆಗೆ ನಿಮ್ಮ ಬಳಿ ಕಾಗದಪತ್ರ ಏನಾದರೂ ಇದ್ದರೆ ಅದರ ಪ್ರತಿ ಕಳಿಸಿ. ಇಲ್ಲದಿದ್ದರೆ ಕ್ಯಾಟಲಾಗ್‌ನಿಂದಲೂ ಹಳೆಯ ಮಾರಾಟಗಳ ಪಟ್ಟಿಯಿಂದಲೂ ಆ ಸಾಲುಗಳನ್ನು ತೆಗೆದು, ಲಾಟ್ ಕೆಳಗೆ ತಿದ್ದುಪಡಿ ಹಾಕಿ. ನಕಲಿ ಪದಕವನ್ನು ಇನ್ನೊಬ್ಬರಿಗೆ ಮತ್ತೆ ಅಸಲಿ ಎಂದು ಮಾರಬೇಡಿ.

ಬಿಲ್, ನಿಮ್ಮ ಕ್ಯಾಟಲಾಗ್ ಪುಟ, ಅಂಚು ಮತ್ತು ರಿಬ್ಬನ್‌ನ ಹತ್ತಿರದ ಫೋಟೋಗಳನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕ,
ಮೈಸೂರು