880ರ ಮನೆಯಲ್ಲಿ ಈಗ ಬೇರೆಯವರು

ಎಡಿಸನ್, ನ್ಯೂಜೆರ್ಸಿ
15 ಸೆಪ್ಟೆಂಬರ್ 2024

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ತರೀಕೆರೆಯಲ್ಲಿ ನೀವೂ ಅಮ್ಮನೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಗಣೇಶನ ಹಬ್ಬದ ದಿನ ಫೋನಿನಲ್ಲಿ ಮಾತನಾಡುವಾಗ, ನಾನು ದಿನವೂ ಕೇಳುತ್ತಿದ್ದ ರೇಡಿಯೊ ನಿಂತುಹೋಯಿತೆಂದು ಹೇಳಿದೆ. ‘ಕೇಂದ್ರ ಮುಚ್ಚಿದರೇ?’ ಎಂದು ಕೇಳಿದಿರಿ. ಇಲ್ಲ, ಕೇಂದ್ರ ಇದೆ, ಅದೇ ಸಂಖ್ಯೆಯಲ್ಲಿ ಈಗಲೂ ಮಾತು ಬರುತ್ತಿದೆ ಎಂದೆ. ‘ಹಾಗಾದರೆ ನಿಂತದ್ದೇನು ಮಗಳೇ?’ ಎಂದಿರಿ. ಅಷ್ಟರಲ್ಲಿ ಮಕ್ಕಳು ಫೋನು ಕಸಿದುಕೊಂಡದ್ದರಿಂದ ಉತ್ತರ ಹೇಳಲಾಗಲಿಲ್ಲ. ಆ ಪ್ರಶ್ನೆ ಒಂದು ವಾರದಿಂದ ನನ್ನ ಮನಸ್ಸಿನಲ್ಲಿಯೇ ಇರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಕೇಳುತ್ತಿದ್ದದ್ದು ನ್ಯೂಯಾರ್ಕಿನ 880 ಎಎಂ, ನಮ್ಮಲ್ಲಿ ಮೀಡಿಯಂ ವೇವ್ ಎನ್ನುತ್ತೇವಲ್ಲ, ಅದೇ. ಡಬ್ಲ್ಯುಸಿಬಿಎಸ್ ಎಂಬುದು ಅದರ ಹೆಸರಾಗಿತ್ತು. 50,000 ವಾಟ್ ಶಕ್ತಿಯ ಆ ಕೇಂದ್ರದ ಗೋಪುರ ಬ್ರಾಂಕ್ಸ್ ತೀರದ ಹೈ ಐಲೆಂಡ್ ಎಂಬ ಪುಟ್ಟ ದ್ವೀಪದಲ್ಲಿದೆ. 1967ರ ಆಗಸ್ಟ್ 28ರಂದು ಅದು ಇಡೀ ದಿನದ ಸುದ್ದಿ ಕೇಂದ್ರವಾಗಬೇಕಿತ್ತು. ಹಿಂದಿನ ದಿನವೇ ಸಣ್ಣ ವಿಮಾನವೊಂದು ಗೋಪುರಕ್ಕೆ ಅಪ್ಪಳಿಸಿ ಅದನ್ನು ಕೆಡವಿತು. ಆದರೂ ದಿನವನ್ನು ಮುಂದೂಡದೆ, ತಮ್ಮದೇ ಎಫ್‌ಎಂ ಕೇಂದ್ರವಾದ 101.1ರಲ್ಲಿ ಮೊದಲ ಸುದ್ದಿ ಓದಿದರು. ಅಂದಿನಿಂದ ಸುಮಾರು 57 ವರ್ಷ ಅಲ್ಲಿ ಸುದ್ದಿಯೇ ಮುಖ್ಯವಾಗಿತ್ತು.

ನಾನು ಈ ದೇಶಕ್ಕೆ ಬಂದ 2009ರಿಂದ, ಬೆಳಿಗ್ಗೆ ನ್ಯೂಅರ್ಕಿನ ಕಚೇರಿಗೆ ಕಾರು ಹೊರಡಿಸಿದ ಕೂಡಲೇ ಕೈ ಆ ಸಂಖ್ಯೆಗೆ ಹೋಗುತ್ತಿತ್ತು. ಗಂಟೆಯ ಎಂಟನೆಯ ನಿಮಿಷಕ್ಕೆ, ಹದಿನೆಂಟಕ್ಕೆ, ಇಪ್ಪತ್ತೆಂಟಕ್ಕೆ, ಹೀಗೆ ಹತ್ತು ಹತ್ತು ನಿಮಿಷಕ್ಕೊಮ್ಮೆ ರಸ್ತೆಯ ಸ್ಥಿತಿಯನ್ನೂ ಹವಾಮಾನವನ್ನೂ ಒಟ್ಟಿಗೆ ಹೇಳುತ್ತಿದ್ದರು. ಲಿಂಕನ್ ಸುರಂಗದಲ್ಲಿ ಎಷ್ಟು ನಿಮಿಷ ಕಾಯಬೇಕು, ಜಾರ್ಜ್ ವಾಷಿಂಗ್ಟನ್ ಸೇತುವೆಯ ಮೇಲಂತಸ್ತು ಲೇಸೋ ಕೆಳಗಿನದು ಲೇಸೋ ಎಂಬುದು ತಿಳಿಯುತ್ತಿತ್ತು. ನನಗೆ ಆ ಸೇತುವೆ ದಾಟುವ ಕೆಲಸವಿಲ್ಲದಿದ್ದರೂ ಕೇಳುತ್ತಿದ್ದೆ. ಸಿಕಾಕಸ್, ಪಸೇಯಿಕ್, ಪರಾಮಸ್ ಎಂಬ ಊರುಗಳ ಹೆಸರನ್ನು ಇಲ್ಲಿನವರಂತೆ ಹೇಳುವುದನ್ನು ನನಗೆ ಕಲಿಸಿದ್ದು ಆ ದನಿಗಳು. 2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತ ಬಡಿದು, ದಿನಗಟ್ಟಲೆ ವಿದ್ಯುತ್ತಿಲ್ಲದೆ, ಪುಟ್ಟ ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಕುಳಿತಿದ್ದ ಆ ರಾತ್ರಿಗಳಲ್ಲಿ ಯಾವ ಊರಿಗೆ ದೀಪ ಬಂತು, ಎಲ್ಲಿ ಪೆಟ್ರೋಲು ಸಿಗುತ್ತದೆ ಎಂದು ತಿಳಿದದ್ದೂ ಬ್ಯಾಟರಿ ರೇಡಿಯೊದಿಂದಲೇ.

ಈ ಆಗಸ್ಟ್ 12ರಂದು, ಸುದ್ದಿ ನಿಲ್ಲುತ್ತದೆ ಎಂಬುದನ್ನು ಸುದ್ದಿಯಾಗಿ ಹೇಳಿದರು. 25ರ ಭಾನುವಾರ ಕಳೆದು 26 ಹುಟ್ಟುವ ಹೊತ್ತಿಗೆ ಅದು ಮುಗಿಯಿತು. ಈಗ ಅಲ್ಲಿ ಡಬ್ಲ್ಯುಎಚ್‌ಎಸ್‌ಕ್ಯೂ ಎಂಬ ಹೆಸರು, ಕ್ರೀಡೆಯ ಹರಟೆ. ಗೋಪುರ ಅದೇ, ಶಕ್ತಿ ಅದೇ, ಸಂಖ್ಯೆಯೂ ಅದೇ.

ಇದಕ್ಕೆ ಇಲ್ಲಿ ಫಾರ್ಮ್ಯಾಟ್ ಬದಲಾವಣೆ ಎನ್ನುತ್ತಾರೆ. ಈ ಮಾತು ನಿಮಗೆ ಅಪರಿಚಿತವಾಗಿರುವುದು ಸಹಜ, ಏಕೆಂದರೆ ನೀವು ಕೇಳುತ್ತಾ ಬಂದಿರುವ ಭದ್ರಾವತಿ ಆಕಾಶವಾಣಿಗೆ ಫಾರ್ಮ್ಯಾಟ್ ಎಂಬುದೇ ಇಲ್ಲ. ಬೆಳಿಗ್ಗೆ ಭಕ್ತಿಗೀತೆ, ಆಮೇಲೆ ಪ್ರದೇಶ ಸಮಾಚಾರ, ಹಗಲಲ್ಲಿ ಹೆಂಗಸರಿಗೊಂದು ಹೊತ್ತು, ಸಂಜೆ ಅಡಿಕೆ ಭತ್ತದ ರೈತರಿಗೊಂದು ಹೊತ್ತು, ಮಕ್ಕಳಿಗೆ, ನಾಟಕಕ್ಕೆ, ಸಂಗೀತಕ್ಕೆ ತಮ್ಮ ತಮ್ಮ ವೇಳೆ. ಅದು ನಮ್ಮ ಅಜ್ಜನ ಕಾಲದ ಕೂಡುಕುಟುಂಬದ ಮನೆಯಂತೆ. ನಡುಮನೆಯಲ್ಲಿ ಯಾರಿಗೆ ಯಾವಾಗ ಜಾಗವೆಂದು ಎಲ್ಲರಿಗೂ ಗೊತ್ತು, ಒಬ್ಬರ ಸರದಿ ಬಂದಾಗ ಉಳಿದವರು ಎದ್ದುಹೋಗಬೇಕಾಗಿಲ್ಲ. ಸಂಜೆಯ ಕೃಷಿ ಮಾತನ್ನು ಅಮ್ಮನೂ ಕೇಳುತ್ತಿದ್ದರು, ಅಮ್ಮನ ಕಾರ್ಯಕ್ರಮವನ್ನು ನೀವೂ ಕೇಳುತ್ತಿದ್ದಿರಿ. ಅಮೆರಿಕದ ಒಂದು ತರಂಗಾಂತರ ಸಾಮಾನ್ಯವಾಗಿ ಒಂದೇ ಬಗೆಯ ಕೇಳುಗನನ್ನು ಆರಿಸಿಕೊಂಡು, ಇಡೀ ದಿನ ಅವನೊಬ್ಬನೊಂದಿಗೆ ಮಾತನಾಡುತ್ತದೆ. ಆದ್ದರಿಂದ ಇಲ್ಲಿ ಬದಲಾವಣೆಯೆಂದರೆ ಒಂದು ಕಾರ್ಯಕ್ರಮ ಹೋಗಿ ಇನ್ನೊಂದು ಬರುವುದಲ್ಲ. ಒಂದು ಸಮೂಹದ ಜನರನ್ನೇ ಮನೆಯಿಂದ ಹೊರಗೆ ಕಳುಹಿಸಿ ಇನ್ನೊಂದು ಸಮೂಹವನ್ನು ಒಳಗೆ ಕರೆಯುವುದು. ನಿಂತದ್ದೇನು ಎಂದು ಕೇಳಿದಿರಲ್ಲ, ಅಪ್ಪಾ, ನಿಂತದ್ದು ನಮ್ಮೊಂದಿಗೆ ಮಾತನಾಡುವುದು.

ನಮ್ಮ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ, ಕಳೆದ ವರ್ಷ ಅಮ್ಮನ ಕೋಡುಬಳೆಯನ್ನು ಬಹಳ ಮೆಚ್ಚಿದವರು. ಅವರ ರೇಡಿಯೊ ಬದುಕನ್ನು ಕೇಳಿದ ಮೇಲೆ ನನ್ನ ದುಃಖ ಎಷ್ಟು ಚಿಕ್ಕದೆಂದು ತಿಳಿಯಿತು. ಅವರು ಬೆಳೆದದ್ದು 1130ರ ಡಬ್ಲ್ಯುಎನ್‌ಇಡಬ್ಲ್ಯು ಕೇಳುತ್ತ. ಗ್ರಾಮಫೋನ್ ತಟ್ಟೆಗಳನ್ನು ಹಾಕಿ, ನೃತ್ಯಶಾಲೆಯೊಂದರಲ್ಲಿ ವಾದ್ಯವೃಂದವೇ ನುಡಿಸುತ್ತಿದೆ ಎಂಬಂತೆ ನಿರೂಪಿಸುವ ಕಾರ್ಯಕ್ರಮವೊಂದು ಆ ಕೇಂದ್ರದಲ್ಲಿ 1935ರಲ್ಲೇ ಆರಂಭವಾಗಿತ್ತಂತೆ. ಹಳೆಯ ಹಾಡುಗಳ ಆ ಕೇಂದ್ರ 1992ರ ಡಿಸೆಂಬರಿನಲ್ಲಿ ಕೊನೆಗೊಂಡು, ಸಂಖ್ಯೆ ಬ್ಲೂಮ್‌ಬರ್ಗ್ ಸಂಸ್ಥೆಯ ವ್ಯಾಪಾರ ಸುದ್ದಿಗೆ ಹೋಯಿತು. ಅದೇ ತಿಂಗಳು 1560ರಲ್ಲಿ ಡಬ್ಲ್ಯುಕ್ಯೂಇಡಬ್ಲ್ಯು ಎಂಬ ಹೊಸ ಹೆಸರಿನಲ್ಲಿ ಅಂಥದೇ ಹಾಡುಗಳು ಆರಂಭವಾದವು. ಇವರೂ ಮುಳ್ಳು ತಿರುಗಿಸಿಕೊಂಡು ಅಲ್ಲಿಗೆ ಹೋದರು. ಅದೂ ಆರು ವರ್ಷವಷ್ಟೇ. 1998ರ ಡಿಸೆಂಬರ್ ಕೊನೆಯಲ್ಲಿ 1560 ಡಿಸ್ನಿಯ ಮಕ್ಕಳ ರೇಡಿಯೊ ಆಯಿತು. ಬಾಲ್ಯದಿಂದ ಕೇಳಿದ ಹಾಡಿಗಾಗಿ ಕಿವಿಗೊಟ್ಟಾಗ ಏಳೆಂಟು ವರ್ಷದ ಮಕ್ಕಳಿಗೆಂದು ಮಾಡಿದ ಹಾಡು ಬಂದದ್ದನ್ನು ಹೇಳುವಾಗ ಆಕೆಯ ದನಿ ನಡುಗಿತು. 2015ರಲ್ಲಿ ಆ ಕೇಂದ್ರ ಒಂದು ಧಾರ್ಮಿಕ ಸಂಸ್ಥೆಗೆ ಮಾರಾಟವಾಯಿತು. 2021ರಲ್ಲಿ ಕ್ವೀನ್ಸ್‌ನ ಮಾಸ್ಪೆತ್‌ನಲ್ಲಿ ಅದರ ಗೋಪುರಗಳಿದ್ದ ನೆಲವೇ ಮಾರಾಟವಾಗಿ ಅಲ್ಲಿಂದ ಪ್ರಸಾರ ನಿಂತಿತು. ನ್ಯೂಯಾರ್ಕ್ ನಗರದಲ್ಲಿ ನೆಲದ ಬೆಲೆಯ ಮುಂದೆ ಎಎಂ ಕೇಂದ್ರದ ಬೆಲೆ ಎಷ್ಟು ಕುಗ್ಗಿದೆಯೆಂಬುದು ಇದರಿಂದ ನಿಮಗೆ ತಿಳಿಯುತ್ತದೆ.

ಇದು ಇತ್ತೀಚಿನ ಕಾಯಿಲೆಯಲ್ಲ. 1960ರಿಂದ ಹೊಸ ಜನಪ್ರಿಯ ಹಾಡುಗಳಿಗೆ ಹೆಸರಾಗಿದ್ದ 770ರ ಡಬ್ಲ್ಯುಎಬಿಸಿ, 1982ರ ಮೇ 10ರ ನಡುಹಗಲು ಹಾಡು ನಿಲ್ಲಿಸಿ ಮಾತಿಗೆ ತಿರುಗಿತು. 1050ರಲ್ಲಿ ಹಳ್ಳಿಗಾಡಿನ ಸಂಗೀತ ಕೊಡುತ್ತಿದ್ದ ಡಬ್ಲ್ಯುಎಚ್‌ಎನ್, 1987ರ ಜುಲೈ 1ರಂದು ಇಡೀ ದಿನದ ಕ್ರೀಡಾ ಕೇಂದ್ರವಾಯಿತು. ಅಂಥದು ಈ ದೇಶದಲ್ಲಿ ಅದೇ ಮೊದಲು. ಮರುವರ್ಷ ಅಕ್ಟೋಬರಿನಲ್ಲಿ ಅದು 660ಕ್ಕೆ ಸ್ಥಳಾಂತರವಾದಾಗ ಅಲ್ಲಿದ್ದ ಹಳೆಯ ಡಬ್ಲ್ಯುಎನ್‌ಬಿಸಿ ಇಲ್ಲವಾಯಿತು.

ಕಾರಣವನ್ನು ನೀವು ಊಹಿಸಬಲ್ಲಿರಿ. ಎಎಂನಲ್ಲಿ ಸಿಡಿಲು, ವಿದ್ಯುತ್ ತಂತಿ, ಟ್ಯೂಬ್‌ಲೈಟು ಎಲ್ಲದರ ಕರಕರ ಸೇರಿಕೊಳ್ಳುತ್ತದೆ. ಎಫ್‌ಎಂನಲ್ಲಿ ಹಾಡು ತಿಳಿಯಾಗಿ ಕೇಳುತ್ತದೆ. 1978ರ ಹೊತ್ತಿಗೆ ಇಲ್ಲಿ ಎಫ್‌ಎಂ ಕೇಳುವವರು ಎಎಂ ಕೇಳುವವರನ್ನು ಮೀರಿಸಿದರು. ಹಾಡು ಅತ್ತ ಹೋದಾಗ ಎಎಂ ಮಾತನ್ನೂ ಸುದ್ದಿಯನ್ನೂ ನಂಬಿಕೊಂಡಿತು. ಈಗ ಅವೂ ಫೋನಿಗೆ ಹೋಗುತ್ತಿವೆ. ಸುದ್ದಿಗೆ ವರದಿಗಾರರು ಬೇಕು, ರಾತ್ರಿಯೆಲ್ಲ ಎಚ್ಚರವಿರುವ ಸಂಪಾದಕರು ಬೇಕು. ಅದು ಬಹಳ ಖರ್ಚಿನ ಕೆಲಸ. 1010ರ ವಿನ್ಸ್ ಎಂಬ ಇನ್ನೊಂದು ಸುದ್ದಿ ಕೇಂದ್ರವೂ 880ರ ಒಡೆಯರದ್ದೇ. ಅದಕ್ಕೆ 2022ರ ಅಕ್ಟೋಬರಿನಿಂದ 92.3 ಎಫ್‌ಎಂನ ಜೊತೆ ಸಿಕ್ಕಿತ್ತು. ಎರಡರಲ್ಲಿ ಒಂದೇ ಸಾಕೆಂದಾಗ ಎಫ್‌ಎಂ ಇದ್ದದ್ದು ಉಳಿಯಿತು. (ವಿನ್ಸ್ ಸುದ್ದಿ ಕೇಂದ್ರವಾದದ್ದು 1965ರ ಏಪ್ರಿಲ್‌ನಲ್ಲಿ, ನಮ್ಮ ಭದ್ರಾವತಿ ಆಕಾಶವಾಣಿಯೂ ಅದೇ ವರ್ಷ ಹುಟ್ಟಿದ್ದಲ್ಲವೇ!) ನಾನೀಗ ವಿನ್ಸ್ ಕೇಳುತ್ತೇನೆ. ಸುದ್ದಿ ಚೆನ್ನಾಗಿಯೇ ಇದೆ. ಆದರೆ ಒಂದೇ ಅಪಘಾತವನ್ನು ಇಬ್ಬರು ಬೇರೆ ಬೇರೆಯಾಗಿ ಹೋಗಿ ನೋಡಿ ಬರುವುದಕ್ಕೂ ಒಬ್ಬರೇ ನೋಡುವುದಕ್ಕೂ ವ್ಯತ್ಯಾಸವಿದೆ, ಮತ್ತು ಎರಡು ಕೋಟಿಗೆ ಹತ್ತಿರದ ಜನರಿರುವ ಈ ಮಹಾನಗರ ಪ್ರದೇಶಕ್ಕೆ ಅಂಥ ಎರಡು ಕೇಂದ್ರಗಳು ಹೆಚ್ಚಾಗಿರಲಿಲ್ಲವೆಂದೇ ನಾನು ನಂಬುತ್ತೇನೆ.

ಕಾರಿನ ಮಾತೂ ಇದೆ. ವಿದ್ಯುತ್ ಕಾರಿನ ಮೋಟಾರಿನಿಂದ ಎಎಂನಲ್ಲಿ ಗದ್ದಲ ಬರುವುದೆಂದು ಕೆಲವು ತಯಾರಕರು ಕಾರಿನ ಎಎಂ ರೇಡಿಯೊವನ್ನೇ ತೆಗೆದುಹಾಕಿದ್ದಾರೆ. ಫೋರ್ಡ್ ಕಂಪನಿಯೂ ತೆಗೆಯಲು ಹೊರಟು, 2023ರ ಮೇ ತಿಂಗಳಲ್ಲಿ ಆ ನಿರ್ಧಾರ ಕೈಬಿಟ್ಟಿತು. ಎಲ್ಲ ಹೊಸ ವಾಹನಗಳಲ್ಲೂ ಎಎಂ ಇರಲೇಬೇಕೆಂಬ ಮಸೂದೆ ಅಮೆರಿಕದ ಸಂಸತ್ತಿನ ಮುಂದಿದೆ. ಅದು ಕಾನೂನಾಗಲಿ ಎಂದು ಹಾರೈಸುತ್ತೇನೆ.

ಹೋದದ್ದು ಮರಳಿ ಬಂದ ಒಂದು ಉದಾಹರಣೆ ನನಗೆ ಗೊತ್ತಿದೆ, ಆದರೆ ಅದು ಎಎಂನದ್ದಲ್ಲ. ಮೇಲೆ ಹೇಳಿದ 101.1ರಲ್ಲಿ 2005ರ ಜೂನ್ 3ರಂದು ಹಳೆಯ ಹಾಡುಗಳನ್ನು ನಿಲ್ಲಿಸಿದರು, 2007ರ ಜುಲೈ 12ರಂದು ಮತ್ತೆ ತಂದರು. ಎಎಂನಲ್ಲಿ ಹೋದವರಿಗೆ ಅಂಥ ದಾರಿ ನನಗೆ ಕಾಣಿಸಿಲ್ಲ.

ಆದರೂ ಅಜ್ಜಿಗೆ ಒಂದು ದಾರಿ ಸಿಕ್ಕಿದೆ. ರಾತ್ರಿಯ ಹೊತ್ತು ಮೀಡಿಯಂ ವೇವ್ ಅಲೆಗಳು ಮೇಲಿನ ವಾಯುಪದರಕ್ಕೆ ತಾಗಿ ನೂರಾರು ಮೈಲಿ ಆಚೆ ಇಳಿಯುವುದು ನಿಮಗೆ ಗೊತ್ತೇ ಇದೆ. ಊಟವಾದ ಮೇಲೆ ಜಗಲಿಯಲ್ಲಿ ಕುಳಿತು, ಎಲ್ಲಿಂದಲೋ ಬರುವ ದನಿಗಾಗಿ ನೀವು ಕಿರುಬೆರಳಿನಷ್ಟು ಮುಳ್ಳು ಸರಿಸುತ್ತಿದ್ದದ್ದನ್ನು ನಾನು ಮರೆತಿಲ್ಲ. ಕೆನಡಾದ ಟೊರಾಂಟೊ ನಗರದ 740ರಲ್ಲಿ ಇನ್ನೂ ಹಳೆಯ ಹಾಡುಗಳನ್ನು ಹಾಕುತ್ತಾರೆ. ಕಳೆದ ವಾರ ಅವರಿಗಾಗಿ ಒಂದು ಪುಟ್ಟ ರೇಡಿಯೊ ತಂದು, ಕತ್ತಲಾದ ಮೇಲೆ ಕಿಟಕಿಯ ಬಳಿ ಇಟ್ಟು ತಿರುಗಿಸಿ ತಿರುಗಿಸಿ ನೋಡಿದೆವು. ಒಂಬತ್ತೂವರೆಗೆ ಸಿಕ್ಕಿತು. ದನಿ ಏರುತ್ತ ಇಳಿಯುತ್ತ ಇತ್ತು, ಆದರೆ ಅವರು ಪ್ರತಿ ಹಾಡನ್ನೂ ಗುರುತಿಸಿದರು.

ಆ ರೇಡಿಯೊದ ಕೈಪಿಡಿ ಓದುವಾಗಲೇ ನನ್ನ ಹಳೆಯ ತಪ್ಪೊಂದು ಗೊತ್ತಾಯಿತು. ಆರು ವರ್ಷದ ಹಿಂದೆ ಬಂದಾಗ ಇದೇ ಮಾದರಿಯ ರೇಡಿಯೊವನ್ನು ನಿಮಗೆ ತಂದಿದ್ದೆ. ಭದ್ರಾವತಿಯ 675 ಅದರಲ್ಲಿ ಸರಿಯಾಗಿ ನಿಲ್ಲಲಿಲ್ಲ. 670 ಆದಮೇಲೆ 680ಕ್ಕೆ ಹಾರುತ್ತಿತ್ತು. ನನ್ನ ಮನಸ್ಸು ನೋಯಬಾರದೆಂದು ನೀವು ‘ಚೆನ್ನಾಗಿದೆ’ ಎಂದಿರಿ, ನಾನು ಹೊರಟ ಮೇಲೆ ಅದನ್ನು ಟ್ರಂಕಿನಲ್ಲಿಟ್ಟು ಹಳೆಯದನ್ನೇ ಹಾಕಿಕೊಂಡಿರೆಂದು ಅಮ್ಮ ಹೇಳಿದರು. ದೋಷ ರೇಡಿಯೊದ್ದಲ್ಲ. ಅಮೆರಿಕದಲ್ಲಿ ಎಎಂ ಕೇಂದ್ರಗಳ ನಡುವೆ ಹತ್ತು ಕಿಲೋಹರ್ಟ್ಸ್ ಅಂತರ, ಅದಕ್ಕೇ 660, 770, 880 ಎಂದು ಎಲ್ಲವೂ ಸೊನ್ನೆಯಲ್ಲಿ ಮುಗಿಯುತ್ತವೆ. ನಮ್ಮಲ್ಲಿ ಒಂಬತ್ತರ ಅಂತರ. ಬೆಂಗಳೂರಿನ 612, ಭದ್ರಾವತಿಯ 675, ಧಾರವಾಡದ 765 ಎಲ್ಲವನ್ನೂ ಒಂಬತ್ತರಿಂದ ಭಾಗಿಸಿ ನೋಡಿ, ಶೇಷ ಉಳಿಯುವುದಿಲ್ಲ.

ಟ್ರಂಕಿನಿಂದ ಅದನ್ನು ಹೊರಗೆ ತೆಗೆಯಿಸಿ. ಹಿಂಬದಿಯ ಬ್ಯಾಟರಿ ಮುಚ್ಚಳ ತೆರೆದರೆ ಒಳಗೆ ಎಡಬದಿಯಲ್ಲಿ ಅಕ್ಕಿಕಾಳಿನಷ್ಟು ಗುಂಡಿಯಿದೆ, ಅದರ ಪಕ್ಕ 9 ಮತ್ತು 10 ಎಂದು ಬರೆದಿರುತ್ತದೆ. ಬೆಂಕಿಕಡ್ಡಿಯ ತುದಿಯಿಂದ ಅದನ್ನು 9ರ ಕಡೆಗೆ ತಳ್ಳಿ, ಬ್ಯಾಟರಿ ಹಾಕಿ, ಬೆಳಗಿನ ಪ್ರದೇಶ ಸಮಾಚಾರದ ಹೊತ್ತಿಗೆ 675ಕ್ಕೆ ಹಚ್ಚಿ. ಕೇಳಿಸಿತೇ ಎಂದು ಮುಂದಿನ ಫೋನಿನಲ್ಲಿ ಮೊದಲು ಅದನ್ನೇ ಹೇಳಿ.

ಅಮ್ಮನಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು