ಖಡೇಬಜಾರಿನ ಅಕ್ಕಸಾಲಿಗ ಅಣ್ಣನಿಗೆ ಥ್ಯಾಂಕ್ಸ್

ಅಣ್ಣ, ನಿನ್ನೆ ಬೆಳಗಾವಿಯ ಖಡೇಬಜಾರಿನಲ್ಲಿ ನಿಮ್ಮ ಹೆಸರು ಕೇಳೋದೇ ಮರೆತುಹೋಯಿತು.

ಅಂಚೆಯಲ್ಲಿ ಬಂದ 1863ರ ಅಮೆರಿಕದ ತಾಮ್ರದ ಟೋಕನ್ ಪ್ಲಾಸ್ಟಿಕ್ ಕವರಿಗೇ ಅಂಟಿಕೊಂಡಿತ್ತು. ಮೇಲೆಲ್ಲ ಹಸಿರು ಜಿಡ್ಡು. ಅಂತರ್ಯುದ್ಧದಲ್ಲಿ ಜನ ನಾಣ್ಯ ಕೂಡಿಟ್ಟು ಚಿಲ್ಲರೆಯೇ ಸಿಗದಾದಾಗ, ಅಲ್ಲಿನ ಅಂಗಡಿಯವರು ಒಂದು ಸೆಂಟಿನ ಬದಲು ಕೊಡುತ್ತಿದ್ದ ಬಿಲ್ಲೆ ಅದು. 1864ರಲ್ಲಿ ಸರ್ಕಾರ ಇವನ್ನು ನಿಷೇಧಿಸಿತು. ಅದರ ಮೇಲಿದ್ದ ಅಂಗಡಿಯ ಹೆಸರೇ ಅಳಿಸಿಹೋದರೆ ಏನು ಗತಿ ಅಂತ ನನಗೆ ಕೈಕಾಲೇ ಆಡುತ್ತಿರಲಿಲ್ಲ.

ನೀವು ಗಿರಾಕಿಯನ್ನು ಕೂರಿಸಿ, ಬಿಲ್ಲೆಯ ಅಂಚನ್ನಷ್ಟೇ ಹಿಡಿದು, ಜಿಡ್ಡು ಕರಗಿಸೋ ಅಸಿಟೋನ್ ದ್ರವದಲ್ಲಿ ಅದ್ದಿದಿರಿ. ಬಟ್ಟಲ ತಳಕ್ಕೆ ಹತ್ತಿ ಬೇರೆ ಹಾಸಿದ್ದಿರಿ! ‘ತಿಕ್ಕಬ್ಯಾಡ್ರಿ, ಬಣ್ಣ ಹೋಗತೈತಿ’ ಅಂದಿರಿ. ಜಿಡ್ಡು ತಾನಾಗೇ ಬಿಟ್ಟಿತು. ಅಕ್ಷರ ನೋಡೋಕೆ ನಿಮ್ಮ ಭೂತಗನ್ನಡಿಯನ್ನೂ ಕೊಟ್ಟಿರಿ. ಅಬ್ಬಾ, ಹೆಸರು ಹಾಗೇ ಇತ್ತು!

ದುಡ್ಡು ಮಾತ್ರ ಮುಟ್ಟಲಿಲ್ಲ. ಮುಂದಿನ ಸಲದ ಚಹಾ ನಂದೇ.