ಅಮ್ಮಾ, ನೋವಿಲ್ಲ ಅಂತ ಸುಮ್ನಿರಬೇಡ

ಟೊರಾಂಟೊ, ಭಾನುವಾರ ರಾತ್ರಿ

ಅಮ್ಮನಿಗೆ ಶಶಿ ಮಾಡುವ ನಮಸ್ಕಾರ. ಅಪ್ಪನಿಗೂ. ನಾವು ಮೂವರೂ ಚೆನ್ನಾಗಿದ್ದೇವೆ. ಚಿನ್ನುವಿನ ಕೆಮ್ಮು ಪೂರ್ತಿ ಹೋಗಿದೆ, ಇವರ ಕೆಲಸಕ್ಕೇನೂ ತೊಂದರೆ ಇಲ್ಲ, ನಾನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ.

ಫೋನ್ ಮಾಡಬಹುದಿತ್ತು. ಆದರೆ ನಿನ್ನ ಕಾಲಿನ ಗಾಯದ ಮಾತು ಎತ್ತಿದ ಕೂಡಲೇ ನೀನು "ಏನಿಲ್ಲ ಕಣೇ, ಇಂಬಳ ಕಚ್ಚಿದ್ದು" ಅಂದು, ಚಿನ್ನುಗೆ ಕೊಡು ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಅಣ್ಣನ ಫೋನಿಗೆ ಕಳಿಸುತ್ತೇನೆ, ಕನ್ನಡಕ ಹಾಕಿಕೊಂಡು ನೀನೇ ಓದು. ಅಣ್ಣನಿಗೆ ಬೈಬೇಡ. ಅವನು ಹೆದರಿಕೊಂಡೇ ಎಲ್ಲ ಬರೆದಿದ್ದಾನೆ.

ಅವನ ಮೆಸೇಜ್ ಬಂದಾಗ ನಾವು ನಿನ್ನೆ ದೋಣಿಗೆ ಸಾಲಿನಲ್ಲಿ ನಿಂತಿದ್ದೆವು. ಇಲ್ಲಿ ಪೇಟೆಯ ಎದುರಿಗೇ ಕೆರೆಯಲ್ಲಿ ದ್ವೀಪಗಳಿವೆ. ಕೆರೆ ಅಂತ ಹೆಸರಿಗೆ ಅಷ್ಟೇ, ಒಂಟಾರಿಯೊ ಸರೋವರದಲ್ಲಿ ನಮ್ಮ ಹಾಸನ ಜಿಲ್ಲೆ ಎರಡು ಸಲ ಹಿಡಿಸಿ ಇನ್ನೂ ಜಾಗ ಮಿಕ್ಕುತ್ತದೆ. ಪೂರಾ ಸಿಹಿನೀರು. ಗೊರೂರಿನ ಹಿನ್ನೀರು ನೋಡಿ ಬಾಯಿ ಬಿಟ್ಟಿದ್ದವಳು ನಾನು, ಇದರ ಆಚೆ ದಡ ಎಲ್ಲಿ ಅಂತ ಇವತ್ತಿಗೂ ಕಣ್ಣು ಹುಡುಕುತ್ತದೆ. ದೊಡ್ಡ ದೋಣಿಯಲ್ಲಿ ಕಾಲು ಗಂಟೆ ದಾರಿ. ದ್ವೀಪದಲ್ಲಿ ಯಾರೂ ಕಾರು ಇಟ್ಟುಕೊಳ್ಳುವ ಹಾಗಿಲ್ಲ, ಅಲ್ಲೇ ಮನೆ ಮಾಡಿಕೊಂಡಿರುವವರೂ ಸೈಕಲ್‌ನಲ್ಲೇ ಓಡಾಡುತ್ತಾರೆ. ಅಪ್ಪನಿಗೆ ಹೇಳು, 1858ಕ್ಕೆ ಮುಂಚೆ ಅದು ದ್ವೀಪವೇ ಆಗಿರಲಿಲ್ಲ, ದಡಕ್ಕೆ ಅಂಟಿಕೊಂಡಿದ್ದ ಉದ್ದನೆಯ ಮರಳುದಿಬ್ಬ. ಆ ವರ್ಷ ಬಿರುಗಾಳಿ ಹೊಡೆದು ಒಂದು ಕಡೆ ಕೊಚ್ಚಿಕೊಂಡು ಹೋಯಿತು. ಅವರಿಗೆ ಇಂಥದ್ದು ಕೇಳಬೇಕು ಅಲ್ವಾ.

ದುಡ್ಡು ಪೋಲು ಮಾಡುತ್ತಾರೆ ಅಂದುಕೊಳ್ಳಬೇಡ. ದ್ವೀಪದ ಪಾರ್ಕಿಗೆ ಪ್ರತ್ಯೇಕ ಟಿಕೆಟ್ ಇಲ್ಲ, ಅಲ್ಲಿರುವ ಪ್ರಾಣಿಗಳ ಫಾರ್ಮಿಗೂ ಒಂದು ಪೈಸೆ ಇಲ್ಲ. ದೋಣಿಗೆ ಮಾತ್ರ ಕೊಡಬೇಕು, ಒಂದೇ ಟಿಕೆಟ್ಟಿನಲ್ಲಿ ಹೋಗಿ ಬರಬಹುದು. ಊಟವೂ ಮನೆಯದೇ, ಅಕ್ಕಿರೊಟ್ಟಿ, ಕಾಯಿಚಟ್ನಿ.

ಫಾರ್ಮಿನ ಹೆಸರು ಫಾರ್ ಇನಫ್ ಫಾರ್ಮ್. ಸಾಕಷ್ಟು ದೂರದ ಫಾರ್ಮ್ ಅಂತ ಅರ್ಥ. ಅಣ್ಣನ ಮೆಸೇಜ್ ಓದಿಕೊಂಡು ಬಂದವಳಿಗೆ ಬೋರ್ಡಿನ ಮೇಲೆ ಆ ಹೆಸರು ನೋಡಿ ಗಂಟಲು ಕಟ್ಟಿತು. ಒಳಗೆ ಕಾಲಿಟ್ಟರೆ ನಮ್ಮ ಕೊಟ್ಟಿಗೆ ವಾಸನೆ. ಒಣಹುಲ್ಲು, ಗಂಜಲ, ಸಗಣಿ. ನಾಲ್ಕು ವರ್ಷ ಆಯಿತಮ್ಮ ಆ ವಾಸನೆ ಮೂಗಿಗೆ ಬಿದ್ದು. ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಿದ್ದರು, ನಾನು ಅಲ್ಲೇ ನಿಂತೆ. ಮೇಕೆ, ಕುರಿ, ಹಂದಿ, ಕೋಳಿ, ಬಾತು, ನಮ್ಮಲ್ಲಿ ಯಾರೂ ತಿರುಗಿ ನೋಡದ ಪ್ರಾಣಿಗಳು. ಇಲ್ಲಿ ಮಕ್ಕಳನ್ನು ದೋಣಿ ಹತ್ತಿಸಿಕೊಂಡು ಬಂದು ತೋರಿಸುತ್ತಾರೆ. ಚಿನ್ನು ಬೇಲಿಯ ಸಂದಿಯಲ್ಲಿ ಕೈ ಇಟ್ಟ. ಒಂದು ಕಂದು ಮೇಕೆ ಬಂದು ಮೊದಲು ಕೈ ಮೂಸಿತು, ಆಮೇಲೆ ಅವನ ಸ್ವೆಟರಿನ ಗುಂಡಿ ಬಾಯಲ್ಲಿ ಹಿಡಿದು ಎಳೆಯಿತು. ಅದರ ನಾಲಗೆ ಒರಟೊರಟು ಅಂತ ಕಿರುಚಿಕೊಂಡು ನಗುತ್ತಿದ್ದ. "ಕೆಂಪಿ ನಾಲಗೆನೂ ಹೀಗೇನಾ?" ಅಂತ ಕೇಳಿದ. ಅದಕ್ಕಿಂತ ಒರಟು, ನೆಕ್ಕಿದರೆ ಚರ್ಮ ಉರಿಯುತ್ತೆ ಅಂದೆ.

ಆಮೇಲೆ ಅವನು ಕೇಳಿದ್ದಕ್ಕೇ ಈ ಕಾಗದ. ಅಲ್ಲಿ ಒಬ್ಬ ಹುಡುಗಿ ಹುಲ್ಲು ಹಾಸುತ್ತಿದ್ದಳು. ಮೊಣಕಾಲವರೆಗೂ ಗಮ್‌ಬೂಟು. ಕೆಲಸ ಮುಗಿದ ಮೇಲೆ ನಲ್ಲಿ ಕೆಳಗೆ ನಿಂತು, ಬ್ರಶ್ಶಿನಲ್ಲಿ ಅಡಿಯ ಗೀರುಗಳಲ್ಲಿ ಸಿಕ್ಕಿಕೊಂಡಿದ್ದ ಸಗಣಿಯನ್ನೆಲ್ಲ ತಿಕ್ಕಿ ತೊಳೆದಳು. ಚಿನ್ನು ನೋಡುತ್ತಾ ನಿಂತಿದ್ದವನು, "ಅಜ್ಜಿನೂ ಇಂಥ ಬೂಟು ಹಾಕ್ತಾರಾ?" ಅಂದ. ನನಗೆ ಉತ್ತರ ಬರಲಿಲ್ಲ. ಈ ಮಳೆಯಲ್ಲಿ, ಆ ಜೌಗು ಕೊಟ್ಟಿಗೆಯಲ್ಲಿ, ಗಾಯದ ಕಾಲಿಟ್ಟುಕೊಂಡು ನೀನು ಬರಿಗಾಲಲ್ಲಿ ನಿಂತಿರುವುದೇ ಕಣ್ಣ ಮುಂದೆ ಬಂತು.

ಒಂದೂವರೆ ತಿಂಗಳಾಯಿತಂತೆ. ಅಂಚು ಕಪ್ಪಾಗಿದೆಯಂತೆ. ನೀನು ಕಾಫಿಪುಡಿ ಮೆತ್ತಿ ಬಟ್ಟೆ ಕಟ್ಟಿಕೊಂಡು ಹಾಲು ಕರೆಯುತ್ತಿದ್ದೀಯಂತೆ. ಕೇಳಿದರೆ "ನೋವೇ ಇಲ್ಲ, ಯಾತಕ್ಕೆ ಆಸ್ಪತ್ರೆ" ಅನ್ನುತ್ತೀಯಂತೆ. ಅಮ್ಮಾ, ಆ ನೋವಿಲ್ಲದಿರುವುದೇ ಹೆದರಿಕೆ. ಪಕ್ಕದ ಮನೆಯಲ್ಲಿ ಕೇರಳದ ನರ್ಸ್ ಒಬ್ಬರಿದ್ದಾರೆ. ನಿನ್ನೆ ರಾತ್ರಿಯೇ ಹೋಗಿ ಕೇಳಿದೆ. ನಿನ್ನ ಹಾಗೆ ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಇದ್ದರೆ ಪಾದದ ನರಗಳು ಮಂದವಾಗುತ್ತವೆ, ಕಲ್ಲು ಚುಚ್ಚಿದರೂ ಗೊತ್ತಾಗುವುದಿಲ್ಲ. ರಕ್ತ ಓಡುವುದೂ ಕಡಿಮೆ ಆಗುತ್ತದೆ, ಅದಕ್ಕೇ ಗಾಯ ಮಾಯುವುದಿಲ್ಲ. ನಂಜು ಒಳಗೊಳಗೇ ಮೂಳೆಗೂ ಇಳಿಯಬಹುದು. ಬೆರಳು, ಪಾದ ತೆಗೆಯುವ ಹಂತಕ್ಕೆ ಹೋಗುವುದು ಹೆಚ್ಚಾಗಿ ಹೀಗೆ ಬಿಟ್ಟವರಿಗೇ. ಅಂಚು ಕಪ್ಪಾಗಿದೆ ಅಂದಿದ್ದಕ್ಕೆ ಅವರು ಒಂದು ದಿನವೂ ಕಾಯಬೇಡಿ ಅಂದರು.

ಅದಕ್ಕೇ ನಾಳೆಯೇ ಅಣ್ಣನ ಜೊತೆ ಹಾಸನಕ್ಕೆ ಹೋಗು, ದೊಡ್ಡಾಸ್ಪತ್ರೆಗೆ. ಮಳೆ ನಿಲ್ಲಲಿ, ಗೌರಿಹಬ್ಬ ಮುಗಿಯಲಿ ಅನ್ನಬೇಡ. ಮಾತ್ರೆಯ ಚೀಟಿ ತಗೊಂಡು ಹೋಗು. ಕಾಫಿಪುಡಿ, ಅರಿಶಿನ, ಸುಣ್ಣ ಏನೂ ಹಚ್ಚಬೇಡ, ಬಿಸಿನೀರಲ್ಲಿ ಕಾಲಿಡಬೇಡ, ಸುಟ್ಟರೂ ನಿನಗೆ ಗೊತ್ತಾಗುವುದಿಲ್ಲ. ಗಾಯ ಮಾಯುವವರೆಗೆ ಕೊಟ್ಟಿಗೆ ಕಡೆ ಹೋಗಲೇಬೇಡ. ಕೆಂಪಿ ಬೇರೆಯವರಿಗೆ ಹಾಲು ಕೊಡಲ್ಲ ಅಂತೀಯ, ಗೊತ್ತು. ಎರಡು ದಿನ ಒದೆಯುತ್ತಾಳೆ, ಆಮೇಲೆ ಮಂಜಣ್ಣನ ಹೆಂಡತಿ ಕೈಗೆ ಹೊಂದಿಕೊಳ್ಳುತ್ತಾಳೆ. ಡೇರಿಗೆ ಹಾಲು ಕಡಿಮೆ ಹೋದರೆ ಹೋಗಲಿ. ಎರಡು ತಿಂಗಳ ಕೂಲಿ ಅಣ್ಣನ ಖಾತೆಗೆ ಹಾಕಿದ್ದೇನೆ, ವಾಪಸ್ ಕಳಿಸುವ ಮಾತು ಆಡಬೇಡ. ಮಾಯ್ದ ಮೇಲೆ ನಿನಗೂ ಗಮ್‌ಬೂಟು. ಅಣ್ಣ ಸಕಲೇಶಪುರದಲ್ಲೇ ತರುತ್ತಾನೆ, ತೋಟದ ಕೆಲಸಕ್ಕೆ ಎಲ್ಲರೂ ಹಾಕುತ್ತಾರಲ್ಲ, ನೀನು ಹಾಕಿದರೆ ಯಾರು ನಗುತ್ತಾರೆ? ಒಳಗೆ ಕಾಲುಚೀಲ ಇರಲಿ. ಹಾಕುವ ಮುಂಚೆ ಬೂಟಿನೊಳಗೆ ಕೈಯಾಡಿಸಿ ನೋಡು, ಕಲ್ಲು, ಹುಳ ಇದ್ದೀತು. ರಾತ್ರಿ ಮಲಗುವಾಗ ಅಂಗಾಲನ್ನು ಅತ್ತಿಗೆಗೆ ತೋರಿಸು. ಅವರ ಹತ್ತಿರ ಸಂಕೋಚ ಯಾಕೆ, ನೀನೇ ಅವರ ಬಾಣಂತನ ಮಾಡಿದವಳು.

ನನ್ನ ಬಗ್ಗೆ ಏನೂ ಯೋಚನೆ ಬೇಡ. ನಿನ್ನೆ ಅಳಲಿಲ್ಲ, ಚಿನ್ನು ಏನಾದರೂ ಹೇಳಿದರೆ ನಂಬಬೇಡ, ಗಾಳಿಗೆ ಕಣ್ಣಲ್ಲಿ ನೀರು ಬಂತು. ನಿದ್ದೆ ಚೆನ್ನಾಗಿ ಬರುತ್ತಿದೆ. ನಿಜವಾಗಿಯೂ ಎಲ್ಲ ಸರಿಯಾಗಿದೆ. ಡಾಕ್ಟರು ಹೆದರಬೇಡಿ ಅಂದರು ಅಂತ ಅಣ್ಣ ಬರೆದರೆ ಇನ್ನೂ ಸರಿಯಾಗುತ್ತದೆ. ಬೇಕಾದರೆ ಹೇಳು, ಟಿಕೆಟ್ ನೋಡಿ ಇಟ್ಟಿದ್ದೇನೆ, ಇವರೂ ಹೋಗು ಅಂತಲೇ ಅಂದಿದ್ದಾರೆ.

ಚಿನ್ನು ಎದ್ದು ನೀರು ಕೇಳುತ್ತಿದ್ದಾನೆ. ಪುಟ್ಟತ್ತೆಗೆ ಕೇಳಿದೆ ಅಂತ ಹೇಳು. ಡಾಕ್ಟರು ಏನಂದರು ಅಂತ ನಾಳೆ ಸಂಜೆಯೊಳಗೆ ಅಣ್ಣ ಬರೆಯಲಿ, ನಡುರಾತ್ರಿ ಆದರೂ ಎದ್ದಿರುತ್ತೇನೆ.

ನಿನ್ನ
ಶಶಿ